ಸೀಜ್ ಆದ ಇಂಜಿನ್ ಇರುವ ಹಳೇ ಗಾಲ್ಫ್ ಕಾರ್ಟ್ ತಗೊಂಡಿದ್ದೇನೆ, ಅನುಭವ ಇದ್ದವರು ಹೇಳಿ

ಚಿಕ್ಕಬಳ್ಳಾಪುರ ತಾಲ್ಲೂಕಿನಿಂದ (ಕೇಳಿದವರು):

ನಂದಿ ಬೆಟ್ಟದ ತಪ್ಪಲಲ್ಲಿ ನಮ್ಮದು ನಾಲ್ಕು ಎಕರೆ ದ್ರಾಕ್ಷಿ ತೋಟ. ಅಪ್ಪನಿಗೆ ಮಂಡಿ ನೋವು. ತೋಟದ ಆ ಕೊನೆಗೆ ನಡೆದು ಹೋಗಲು ಆಗುವುದಿಲ್ಲ, ಆದರೆ ದಿನಾ ಬಳ್ಳಿ ನೋಡದಿದ್ದರೆ ಅವರಿಗೆ ಸಮಾಧಾನವೂ ಇಲ್ಲ. ಹತ್ತಿರದ ಒಂದು ರೆಸಾರ್ಟಿನವರು ಗುಜರಿಗೆ ಹಾಕಲು ಇಟ್ಟಿದ್ದ ಪೆಟ್ರೋಲ್ ಗಾಲ್ಫ್ ಕಾರ್ಟ್ ಒಂದನ್ನು 38 ಸಾವಿರಕ್ಕೆ ತಂದೆ. ಕ್ಲಬ್ ಕಾರ್ ಡಿಎಸ್, ಇಂಜಿನ್ ಮೇಲೆ ಕವಾಸಾಕಿ ಎಫ್‌ಇ290 ಅಂತ ಇದೆ. ಎರಡು ಮಳೆಗಾಲ ಶೆಡ್ಡಿನ ಹೊರಗೆ ನಿಂತಿತ್ತಂತೆ. ಪೆಡಲ್ ಒತ್ತಿದರೆ 'ಟಕ್' ಅನ್ನುತ್ತದೆ, ಅಷ್ಟೇ. ಇಂಜಿನ್ ಸೀಜ್ ಆಗಿದೆ, ಅಂದರೆ ಒಳಗೆ ಹಿಡಿದುಕೊಂಡು ತಿರುಗುತ್ತಿಲ್ಲ, ತೂಕಕ್ಕೆ ಹಾಕಿಬಿಡಿ ಅಂತಾರೆ ಇಲ್ಲಿನ ಮೆಕ್ಯಾನಿಕ್. ಬಾಡಿ, ಸೀಟು, ಟೈರು ಎಲ್ಲಾ ಚೆನ್ನಾಗಿವೆ. ಬಿಡಿಸಲು ಆಗುತ್ತದಾ? ಎಲ್ಲಿಂದ ಶುರು ಮಾಡಲಿ?

ಚಿಂತಾಮಣಿಯಿಂದ:

ಸೀಜ್ ಅಂತ ತೀರ್ಮಾನ ಮಾಡುವ ಮೊದಲು ಎರಡೂ ಬೆಲ್ಟ್ ಬಿಚ್ಚಿ ನೋಡಿ ಸರ್. ಈ ಗಾಡಿಗಳಲ್ಲಿ ಸ್ಟಾರ್ಟರ್ ಬೇರೆ, ಡೈನಮೋ ಬೇರೆ ಇರುವುದಿಲ್ಲ. ಸ್ಟಾರ್ಟರ್-ಜನರೇಟರ್ ಅಂತ ಒಂದೇ ಡಬ್ಬ, ಒಂದು ಬೆಲ್ಟಿನಲ್ಲಿ ಇಂಜಿನ್‌ಗೆ ಸೇರಿರುತ್ತದೆ. ಇನ್ನೊಂದು ಬೆಲ್ಟ್ ಹಿಂದಿನ ಚಕ್ರದ ಕಡೆಗೆ ಹೋಗುವುದು. ಪೆಡಲ್ ಒತ್ತಿದಾಗ ಇಂಜಿನ್ ತಿರುಗಿಸುವುದೂ ಅದೇ, ಓಡುವಾಗ ಬ್ಯಾಟರಿ ಚಾರ್ಜ್ ಮಾಡುವುದೂ ಅದೇ. ನಮ್ಮದರಲ್ಲಿ ಅದರ ಬೇರಿಂಗ್ ತುಕ್ಕು ಹಿಡಿದು ಜಾಮ್ ಆಗಿತ್ತು. ಬೆಲ್ಟ್ ತೆಗೆದ ಮೇಲೆ ಇಂಜಿನ್ ಕೈಯಲ್ಲೇ ಆರಾಮಾಗಿ ತಿರುಗಿತು! ಎರಡು ಬೇರಿಂಗ್ ಹಾಕಿಸಿದ್ದಷ್ಟೇ ಖರ್ಚು.

ಇನ್ನೊಂದು. ಪದೇ ಪದೇ ಪೆಡಲ್ ಒತ್ತಿ ಪರೀಕ್ಷೆ ಮಾಡಬೇಡಿ. ತಿರುಗದ ಇಂಜಿನ್ ಮೇಲೆ ಕರೆಂಟ್ ಬಿಟ್ಟರೆ ಆ ಡಬ್ಬದ ವೈಂಡಿಂಗ್ ಸುಟ್ಟುಹೋಗುತ್ತದೆ.

ಕೇಳಿದವರು:

ಧನ್ಯವಾದ ಸರ್. ಬೆಲ್ಟ್ ಎರಡೂ ತೆಗೆದೆ. ಸ್ಟಾರ್ಟರ್ ಸಲೀಸಾಗಿ ತಿರುಗುತ್ತದೆ. ಹಿಂದಿನ ಚಕ್ರವೂ ತಿರುಗುತ್ತದೆ. ಇಂಜಿನ್ ಮಾತ್ರ ಕಲ್ಲು.

ಶ್ರೀನಿವಾಸಪುರದಿಂದ:

ಅಣ್ಣ, ಮೂರು ವರ್ಷದ ಹಿಂದೆ ನಾನು ನೀವಿರುವ ಜಾಗದಲ್ಲೇ ಇದ್ದೆ. ಇದೇ ಇಂಜಿನ್. ಈಗ ನಮ್ಮ ಮಾವಿನ ತೋಟದಲ್ಲಿ ಕಾಯಿ ಕ್ರೇಟ್ ಹೊರುವುದೆಲ್ಲ ಆ ಗಾಡಿಯೇ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತಾಗಿ ಓದಿ.

ಮೊದಲು ಒಂದು ವಿಷಯ ಗೊತ್ತಾಗಬೇಕು. ತುಕ್ಕಿಗೆ ಹಿಡಿದ ಇಂಜಿನ್ ಬೇರೆ, ಬಿಸಿಗೆ ಹಿಡಿದ ಇಂಜಿನ್ ಬೇರೆ. ನಿಂತಲ್ಲೇ ನಿಂತು ನೀರಿಳಿದು ಹಿಡಿದಿದ್ದರೆ ಪಿಸ್ಟನ್ ರಿಂಗು ಸಿಲಿಂಡರ್ ಗೋಡೆಗೆ ತುಕ್ಕಿನಲ್ಲಿ ಅಂಟಿರುತ್ತದೆ. ಅದು ತಾಳ್ಮೆಯಿಂದ ಬಿಡುತ್ತದೆ. ಓಡುತ್ತಾ ಓಡುತ್ತಾ ಆಯಿಲ್ ಇಲ್ಲದೆ ನಿಂತುಹೋಗಿದ್ದರೆ ಕಥೆ ಬೇರೆ. ಆಗ ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಗೋಡೆಗೆ ಮೆತ್ತಿಕೊಂಡಿರುತ್ತದೆ. ಈ ಇಂಜಿನ್‌ನಲ್ಲಿ ಪಿಸ್ಟನ್ನನ್ನು ಕ್ರ್ಯಾಂಕ್ ಶಾಫ್ಟಿಗೆ ಸೇರಿಸುವ ಕನೆಕ್ಟಿಂಗ್ ರಾಡ್ ಕೂಡ ಅಲ್ಯೂಮಿನಿಯಂ, ಮಧ್ಯೆ ಬೇರಿಂಗ್ ಇಲ್ಲದೆ ನೇರವಾಗಿ ಕ್ರ್ಯಾಂಕ್ ಮೇಲೆ ತಿರುಗುತ್ತದೆ. ಆಯಿಲ್ ಒಣಗಿದರೆ ಅದೂ ಕ್ರ್ಯಾಂಕನ್ನು ಕಚ್ಚಿಕೊಳ್ಳುತ್ತದೆ. ಅಂಥದ್ದನ್ನು ಎಣ್ಣೆ ಹಾಕಿ ಬಿಡಿಸಿದರೂ ಪ್ರಯೋಜನ ಇಲ್ಲ, ಪೂರ್ತಿ ಬಿಚ್ಚಲೇಬೇಕು. ಆದ್ದರಿಂದ ಮಾರಿದವರನ್ನೇ ಕೇಳಿ: ಚೆನ್ನಾಗಿ ಓಡಿಸಿ ನಿಲ್ಲಿಸಿದ್ದಾ, ಇಲ್ಲ ಓಡುವಾಗಲೇ ನಿಂತಿತಾ? ಆಮೇಲೆ ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಮಟ್ಟ ಸರಿಯಾಗಿದ್ದು ಬಣ್ಣ ಹಾಲು ಕಾಫಿ ಥರ ಇದ್ದರೆ ನೀರು ಸೇರಿದೆ ಅಂತ ಅರ್ಥ. ಆಯಿಲೇ ಇಲ್ಲದಿದ್ದರೆ ಬಿಸಿಯ ಕಡೆಗೆ ಅನುಮಾನ ಪಡಿ.

ಸ್ಪಾರ್ಕ್ ಪ್ಲಗ್ ತೆಗೆದು ಟಾರ್ಚ್ ಬಿಟ್ಟು ಒಳಗೆ ನೋಡಿ. ನನ್ನದರಲ್ಲಿ ಪಿಸ್ಟನ್ ತಲೆಯ ಮೇಲೆ ಕೆಂಪು ಪುಡಿ ಕೂತಿತ್ತು, ಇಟ್ಟಿಗೆ ಪುಡಿ ಉದುರಿಸಿದ ಹಾಗೆ. ಅದನ್ನು ನೋಡಿ ನನಗೆ ಧೈರ್ಯ ಬಂತು, ತುಕ್ಕೇ ಅಂತ ಗೊತ್ತಾಯಿತಲ್ಲ.

ಎಣ್ಣೆ ವಿಷಯ. ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಟಿಎಫ್ ಅರ್ಧ, ಅಸಿಟೋನ್ ಅರ್ಧ ಸೇರಿಸಿ ಪ್ಲಗ್ ತೂತಿನಿಂದ ಬಿಟ್ಟೆ. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ, ಬೀಡಿ-ಸಿಗರೇಟು ಹತ್ತಿರ ಬರಬಾರದು. ಪೇಂಟಿನ ಮೇಲೂ ಪ್ಲಾಸ್ಟಿಕ್ ಮೇಲೂ ಬೀಳಬಾರದು. ಅದು ಸಿಗದಿದ್ದರೆ ಡೀಸೆಲ್ ಕೂಡ ಆದೀತು, ನಿಧಾನ ಅಷ್ಟೇ. ದಿನಾ ಬೆಳಗ್ಗೆ ನೋಡಿ, ಇಳಿದುಹೋಗಿದ್ದರೆ ಮತ್ತೆ ಒಂದಿಷ್ಟು ಬಿಡಿ. ಇಳಿಯುತ್ತಿದೆ ಅಂದರೆ ರಿಂಗಿನ ಸಂದಿಗೆ ಹೋಗುತ್ತಿದೆ ಅಂತ, ಅದು ಒಳ್ಳೆಯದೇ.

ನಾಲ್ಕನೇ ದಿನದಿಂದ ತಿರುಗಿಸಿ ನೋಡಿ. ಕ್ರ್ಯಾಂಕಿನ ತುದಿಯಲ್ಲಿರುವ ಕ್ಲಚ್ಚಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಬಿಗಿಯಾಗುವ ದಿಕ್ಕಿಗೇ ಒತ್ತಬೇಕು, ಇಲ್ಲದಿದ್ದರೆ ಬೋಲ್ಟೇ ಸಡಿಲವಾಗಿ ಬರುತ್ತದೆ. ಸ್ಪ್ಯಾನರಿಗೆ ಉದ್ದದ ಪೈಪ್ ತೂರಿಸಿ ಜಗ್ಗಬೇಡಿ. ಫ್ಲೈವೀಲಿನ ರೆಕ್ಕೆಗಳಿಗೆ ಸ್ಕ್ರೂಡ್ರೈವರ್ ಕೊಟ್ಟು ಮೀಟಲೂಬೇಡಿ, ಬಿಸ್ಕತ್ ಥರ ಮುರಿಯುತ್ತವೆ. ಒತ್ತಿ, ಹಿಡಿದುಕೊಳ್ಳಿ, ಬಿಡಿ. ನನ್ನದು ಆರನೇ ದಿನ ಸಂಜೆ ಒಂದು ಕೂದಲೆಳೆಯಷ್ಟು ಸರಿಯಿತು. ಬಿಟ್ಟಿತೋ, ಬೋಲ್ಟ್ ಮುರಿಯಿತೋ ಅಂತ ಎದೆ ಧಸಕ್ಕೆಂದಿತ್ತು. ಚಾಕ್‌ಪೀಸಿನಲ್ಲಿ ಕ್ಲಚ್ಚಿನ ಮೇಲೊಂದು ಗೆರೆ, ಬ್ಲಾಕಿನ ಮೇಲೊಂದು ಗೆರೆ ಎಳೆದಿದ್ದೆ. ಎರಡು ಗೆರೆ ಒಂದಕ್ಕೊಂದು ತಪ್ಪಿದ್ದವು. ಆಗಲೇ ನಂಬಿದ್ದು. ಅಲ್ಲಿಂದ ಪೂರ್ತಿ ಒಂದು ಸುತ್ತು ಬರಲು ಇನ್ನೂ ಎರಡು ದಿನ ಹಿಡಿಯಿತು.

ತಿರುಗಿತು ಅಂತ ಸ್ಟಾರ್ಟ್ ಮಾಡಲು ಹೋಗಬೇಡಿ. ನಾನು ಹೆಡ್, ಅಂದರೆ ಸಿಲಿಂಡರಿನ ತಲೆಯ ಮುಚ್ಚಳ ಬಿಚ್ಚಿದೆ. ಗೋಡೆಯಲ್ಲಿ ರಿಂಗು ಕೂತಿದ್ದ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳ ತುಕ್ಕಿನ ಗುಳಿ. ಎಮರಿ ಪೇಪರ್‌ನಲ್ಲಿ ಉಜ್ಜಿದರೆ ಸಾಕು ಅಂದರು ಕೆಲವರು. ಉಗುರಿಗೆ ಸಿಗದಿದ್ದರೆ ಬರೀ ಹೋನಿಂಗ್, ಅಂದರೆ ಕಲ್ಲಿನಲ್ಲಿ ಗೋಡೆಯನ್ನು ಸಮವಾಗಿ ಉಜ್ಜುವುದು, ಸಾಕಾಗುತ್ತಿತ್ತು. ಸಿಕ್ಕಿತಲ್ಲ, ಹಾಗಾಗಿ ಬೋರ್ ಮಾಡಿಸಲೇಬೇಕಾಯಿತು, ಅಂದರೆ ಸಿಲಿಂಡರನ್ನು ಸ್ವಲ್ಪ ಅಗಲ ಕೊರೆಸಬೇಕಾಯಿತು.

ಬೋರಿಂಗ್ ಮಾಡಿಸಿದ್ದು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ. ಆ ಹಿರಿಯರು ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಇದ್ದವರು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಸ್ವಂತ ಲೇತ್ ಇಟ್ಟುಕೊಂಡರು. ಬ್ಲಾಕ್ ಕೈಗೆ ತಗೊಂಡು ಮೊದಲು ಕೇಳಿದ್ದೇ, 'ಪಿಸ್ಟನ್ ಎಲ್ಲಪ್ಪಾ?' ನಾನು ತಗೊಂಡು ಹೋಗಿರಲಿಲ್ಲ. ವಾಪಸ್ ಕಳಿಸಿದರು. ಪಿಸ್ಟನ್ ಕೈಯಲ್ಲಿ ಇದ್ದರೆ ಅದನ್ನು ಅಳೆದು ಬೋರ್ ಮಾಡಬಹುದು, ಬೋರ್ ಮಾಡಿ ಪಿಸ್ಟನ್ ಹುಡುಕಿದರೆ ಅಳತೆ ಕೂಡುವುದಿಲ್ಲ ಅಂತ ಅವರ ಮಾತು. ಈ ಇಂಜಿನ್ ಮೂಲ ಬೋರ್ (ಸಿಲಿಂಡರಿನ ಒಳಗಿನ ಅಗಲ) 78 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 60, ಒಟ್ಟು 286 ಸಿಸಿ. ನಾನು 0.50 ಮಿ.ಮೀ. ದೊಡ್ಡ ಪಿಸ್ಟನ್ ತರಿಸಿದೆ. ಹೊರದೇಶದಿಂದ ಬರಬೇಕು, ಮೂರು ವಾರ ಆಯಿತು. ಪಿಸ್ಟನ್, ರಿಂಗು, ಗ್ಯಾಸ್ಕೆಟ್ ಸೆಟ್, ಬೋರಿಂಗ್ ಎಲ್ಲಾ ಸೇರಿ ನನಗೆ ಹದಿನಾರು ಸಾವಿರ ಚಿಲ್ಲರೆ.

ಜೋಡಿಸುವಾಗ ಹೊಸ ರಿಂಗನ್ನು ಮೊದಲು ಬರೀ ಸಿಲಿಂಡರ್‌ಗೆ ಇಳಿಸಿ, ಪಿಸ್ಟನ್ ತಲೆಯಿಂದ ಸಮವಾಗಿ ತಳ್ಳಿ, ರಿಂಗಿನ ಎರಡು ತುದಿಗಳ ನಡುವಿನ ಸಂದಿಯನ್ನು ಫೀಲರ್ ಗೇಜಿನಲ್ಲಿ (ಸಂದಿ ಅಳೆಯುವ ತೆಳು ತಗಡುಗಳು) ನೋಡಿ. ಸಂದಿಯೇ ಇಲ್ಲದಿದ್ದರೆ ಬಿಸಿಯಾದಾಗ ರಿಂಗ್ ಹಿಗ್ಗಿ ಮತ್ತೆ ಸೀಜ್ ಆಗುತ್ತದೆ. ಒಳಗೆ ಅದುರುವುದನ್ನು ಕಮ್ಮಿ ಮಾಡುವ ಬ್ಯಾಲೆನ್ಸರ್ ಅಂತ ಒಂದಿದೆ, ಅದರ ಗುರುತು ಕ್ರ್ಯಾಂಕಿನ ಗುರುತಿಗೆ ಕೂಡಬೇಕು. ಬಿಚ್ಚುವಾಗಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಒಂದು ವಿಷಯ ಯಾರೂ ನನಗೆ ಹೇಳಿರಲಿಲ್ಲ. ಈ ಇಂಜಿನ್‌ಗೆ ರೇಡಿಯೇಟರ್ ಇಲ್ಲ, ಫ್ಲೈವೀಲಿನ ಫ್ಯಾನ್ ಬೀಸುವ ಗಾಳಿಯೇ ತಂಪು. ಆ ಗಾಳಿ ಹೋಗಲು ಇಂಜಿನ್ ಮೇಲೆ ಒಂದು ತಗಡಿನ ಮುಚ್ಚಳ ಇರುತ್ತದೆ. ಅದನ್ನು ಬಿಚ್ಚಿದೆ. ಒಳಗೆ ಇಲಿ ಗೂಡು! ಹುಲ್ಲು, ಸೀಟಿನ ಫೋಮು, ಗೋಣಿಚೀಲದ ನಾರು, ರೆಕ್ಕೆಗಳ ಸಂದಿಯಲ್ಲೆಲ್ಲ ಒತ್ತಿ ತುಂಬಿತ್ತು. ಹಾಗೇ ಓಡಿಸಿದ್ದರೆ ಹೊಸ ಪಿಸ್ಟನ್ ಅರ್ಧ ಗಂಟೆಯೂ ಬಾಳುತ್ತಿರಲಿಲ್ಲ. ದಯವಿಟ್ಟು ಆ ಮುಚ್ಚಳ ಬಿಚ್ಚದೆ ಸ್ಟಾರ್ಟ್ ಮಾಡಬೇಡಿ.

ಕೋಲಾರದಿಂದ:

ಪೆಟ್ರೋಲ್ ಕಡೆಯೂ ನೋಡಿ ಅಣ್ಣ. ಹಳೇ ಪೆಟ್ರೋಲ್ ಪೂರ್ತಿ ಚೆಲ್ಲಿ, ಟ್ಯಾಂಕ್ ತೊಳೆಯಿರಿ. ಈಗ ಬಂಕಿನಲ್ಲಿ ಸಿಗುವ ಇ20ರಲ್ಲಿ ನೂರಕ್ಕೆ 20ರವರೆಗೆ ಎಥನಾಲ್. ಅದು ತೇವ ಹೀರಿಕೊಳ್ಳುತ್ತದೆ, ಹಳೇ ರಬ್ಬರಿಗೂ ಆಗಿಬರುವುದಿಲ್ಲ. ಪೈಪೆಲ್ಲ ಹೊಸದು ಹಾಕಿ. ಇದರ ಪೆಟ್ರೋಲ್ ಪಂಪ್ ಕರೆಂಟಿನದ್ದಲ್ಲ, ಇಂಜಿನ್ ಒಳಗಿನ ಗಾಳಿಯ ಬಡಿತಕ್ಕೆ ಒಂದು ರಬ್ಬರ್ ಪೊರೆ ಆಡಿ ಎಳೆದುಕೊಳ್ಳುತ್ತದೆ. ಆ ಬಡಿತದ ಪೈಪ್ ಬಿರುಕು ಬಿಟ್ಟಿದ್ದರೂ ಪೆಟ್ರೋಲ್ ಬರುವುದಿಲ್ಲ. ನಾನು ಕಾರ್ಬುರೇಟರನ್ನೇ ನಾಲ್ಕು ಸಲ ಬಿಚ್ಚಿದೆ, ತಪ್ಪು ಇದ್ದಿದ್ದು ಆ ಪೈಪಿನಲ್ಲಿ.

ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದರೆ ಕಮ್ಮಿ ತೋರಿಸುತ್ತದೆ, ಹೆದರಬೇಡಿ. ಸ್ಟಾರ್ಟ್ ಸುಲಭ ಆಗಲಿ ಅಂತ ವಾಲ್ವ್ ತೆರೆಯುವ ಕ್ಯಾಮ್‌ನಲ್ಲೇ ಒತ್ತಡ ಬಿಡುವ ಏರ್ಪಾಡು ಇದೆ. ಸರಿಯಾಗಿ ತಿಳಿಯಬೇಕಾದರೆ ಪ್ಲಗ್ ತೂತಿನಿಂದ ಗಾಳಿ ಬಿಟ್ಟು ಎಲ್ಲಿ ಸೋರುತ್ತದೆ ಅಂತ ಕಿವಿಗೊಟ್ಟು ಕೇಳಬೇಕು.

ತಿಪಟೂರಿನಿಂದ:

ನಮ್ಮ ತೆಂಗಿನ ತೋಟದ ಗಾಡಿಯಲ್ಲಿ ರಾಡ್ ಮುರಿದು ಬ್ಲಾಕೇ ತೂತಾಗಿತ್ತು. ಅಂಥದ್ದಕ್ಕೆ ರಿಪೇರಿ ಇಲ್ಲ. ಪವರ್ ವೀಡರಿನ 7 ಎಚ್‌ಪಿ ಇಂಜಿನ್ ಕೂರಿಸಿದೆ. ಓಡುತ್ತದೆ. ಆದರೆ ಕಾರ್ಟಿನ ಕ್ಲಚ್ ಕೂರುವುದು ಮೊನೆಯ ಕಡೆಗೆ ಸಣ್ಣಗಾಗುತ್ತಾ ಹೋಗುವ ಶಾಫ್ಟ್ ಮೇಲೆ, ವೀಡರಿನ ಶಾಫ್ಟ್ ನೆಟ್ಟಗೆ. ಅದಕ್ಕೆ ಲೇತ್ ಕೆಲಸ, ಮೌಂಟಿಂಗ್, ಆಕ್ಸಿಲೇಟರ್ ಕೇಬಲ್ ಅಂತ ಎರಡು ತಿಂಗಳು ಹೋಯಿತು. ಕರೆಂಟ್ ಗಾಡಿ ಮಾಡಿಬಿಡಿ ಅಂತಲೂ ಹೇಳುತ್ತಾರೆ. ಅದು ಬರೀ ಮೋಟಾರ್ ಬದಲಿಸುವ ಕೆಲಸ ಅಲ್ಲ. ಪೆಟ್ರೋಲ್ ಕಾರ್ಟಿನ ಹಿಂದಿನ ಆಕ್ಸಲ್ಲಿನಲ್ಲಿ ರಿವರ್ಸ್ ಗೇರ್ ಇರುತ್ತದೆ, ಕರೆಂಟ್ ಗಾಡಿಯ ಆಕ್ಸಲ್ಲೇ ಬೇರೆ. ಜೊತೆಗೆ 48 ವೋಲ್ಟಿಗೆ 8 ವೋಲ್ಟಿನ ಬ್ಯಾಟರಿ ಆರು ಬೇಕು. ನಿಮ್ಮ ಇಂಜಿನ್ ಬರೀ ತುಕ್ಕಾಗಿದ್ದರೆ ಅದನ್ನೇ ಬದುಕಿಸಿ ಅಂತ ನನ್ನ ಮಾತು.

ತೋಟ ರಸ್ತೆಯ ಎರಡೂ ಕಡೆ ಇದೆಯಾ? 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(28)ರ ಪ್ರಕಾರ ಆವರಣದೊಳಗೆ ಮಾತ್ರ ಬಳಸಲು ಮಾಡಿದ ವಿಶೇಷ ಗಾಡಿ ಮೋಟಾರು ವಾಹನದ ಲೆಕ್ಕಕ್ಕೆ ಬರುವುದಿಲ್ಲ. ರಸ್ತೆಗೆ ಇಳಿಸಿದರೆ ನೋಂದಣಿ, ವಿಮೆ ಎಲ್ಲಾ ಕೇಳುತ್ತಾರೆ. ಅಪ್ಪನ ಕೈಗೆ ಕೊಡುವ ಮೊದಲು ಇದನ್ನು ಯೋಚಿಸಿ.

ಕೇಳಿದವರು (ಹನ್ನೊಂದು ದಿನದ ಮೇಲೆ):

ಎಲ್ಲರಿಗೂ ನಮಸ್ಕಾರ. ರೆಸಾರ್ಟಿನ ಹಳೇ ಡ್ರೈವರ್ ಒಬ್ಬರು ಸಿಕ್ಕಿದರು. ಓಡಿಸಿಯೇ ನಿಲ್ಲಿಸಿದ್ದಂತೆ, ಏರ್ ಫಿಲ್ಟರಿನ ಪೈಪ್ ಕಿತ್ತುಬಂದಿತ್ತಂತೆ. ಮಳೆ ನೀರು ಅಲ್ಲಿಂದಲೇ ಇಳಿದಿರಬೇಕು. ಪ್ಲಗ್ ತೆಗೆದರೆ ಅದೇ ಕೆಂಪು ಪುಡಿ. ಎಟಿಎಫ್-ಅಸಿಟೋನ್ ಬಿಟ್ಟು ಕಾದೆ. ದಿನಾ ಸಂಜೆ ಅಪ್ಪ ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತಿರುತ್ತಿದ್ದರು. ನಿನ್ನೆ, ಒಂಬತ್ತನೇ ದಿನಕ್ಕೆ, ಚಾಕ್‌ಪೀಸ್ ಗೆರೆ ತಪ್ಪಿತು. ನನಗಿಂತ ಮೊದಲು ನೋಡಿದ್ದು ಅಪ್ಪ. ಇವತ್ತು ಪೂರ್ತಿ ಸುತ್ತುತ್ತಿದೆ. ರಸ್ತೆ ನಮ್ಮ ತೋಟದ ಮಧ್ಯೆ ಇಲ್ಲ, ಎಲ್ಲಾ ಬೇಲಿಯೊಳಗೇ ಇದೆ. ಇನ್ನು ಹೆಡ್ ಬಿಚ್ಚುತ್ತೇನೆ.

ಶ್ರೀನಿವಾಸಪುರದಿಂದ:

ಬಹಳ ಖುಷಿಯಾಯಿತು ಅಣ್ಣ. ಹೆಡ್ ಬಿಚ್ಚಿದ ಮೇಲೆ ಗೋಡೆಯ ಫೋಟೋ ಹಾಕಿ, ಉಗುರು ಸಿಗುತ್ತದಾ ಇಲ್ಲವಾ ಅಂತ ಹೇಳಿ. ಆಮೇಲೆ ಪಿಸ್ಟನ್ ತರಿಸೋಣ. ಅಲ್ಲಿಯವರೆಗೆ ಬ್ರೇಕ್ ಕೇಬಲ್ ಬಿಚ್ಚಿ ನೋಡುತ್ತಿರಿ. ಎರಡು ಮಳೆಗಾಲ ನಿಂತ ಗಾಡಿಯಲ್ಲಿ ಅದೂ ಹಿಡಿದಿರುತ್ತದೆ. ನಿಮ್ಮದು ಇಳಿಜಾರಿನ ತೋಟ.