ಸೈಕಲ್‌ಗೆ ಬೈಕ್ ಗುದ್ದಿದೆ, ಕಂಪ್ಲೇಂಟ್ ಕೊಟ್ಟಿಲ್ಲ. ಪರಿಹಾರ ಸಿಗುತ್ತಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮಪ್ಪ ಮಂಡ್ಯದಲ್ಲಿ ಸೈಕಲ್ ಮೇಲೆ ಸೊಪ್ಪು ಮಾರ್ತಾರೆ. ಹೋದ ತಿಂಗಳು ಹಿಂದಿನಿಂದ ಬೈಕ್ ಗುದ್ದಿ ಬಲಗಾಲು ಮುರಿದಿದೆ, ರಾಡ್ ಹಾಕಿದ್ದಾರೆ. ಬೈಕಿನವರು "ಖರ್ಚೆಲ್ಲ ನಾನೇ ನೋಡ್ಕೋತೀನಿ, ಕಂಪ್ಲೇಂಟ್ ಬೇಡ" ಅಂತ 20,000 ಕೊಟ್ಟರು. ಈಗ ಫೋನ್ ಎತ್ತಲ್ಲ. ಸೈಕಲ್‌ಗೆ ಇನ್ಶೂರೆನ್ಸ್ ಇರಲ್ವಲ್ಲ, ಏನಾದರೂ ಸಿಗುತ್ತಾ?

ವಕೀಲರು: ಸಿಗುತ್ತೆ. ಸೈಕಲ್‌ಗೆ ಇನ್ಶೂರೆನ್ಸೂ ಬೇಡ, ಲೈಸೆನ್ಸೂ ಬೇಡ. ಕೊಡಬೇಕಾದ್ದು ಬೈಕಿನ ಥರ್ಡ್ ಪಾರ್ಟಿ ವಿಮೆ (ಆ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಇರೋ ವಿಮೆ) ಕಂಪನಿ. ಆ ವಿಮೆ ಚಾಲ್ತಿಯಲ್ಲಿ ಇಲ್ಲದಿದ್ದರೆ ಮಾಲೀಕನೇ ಕೊಡಬೇಕು, ಆದರೆ ವಸೂಲಿ ಮಾಡೋದು ಕಷ್ಟ. ನನಗೆ ಚಿಂತೆ ಇರೋದು ಬೇರೆ ಕಡೆ. ಆಸ್ಪತ್ರೆಗೆ ಸೇರಿಸುವಾಗ ಪೆಟ್ಟು ಹೇಗಾಯ್ತು ಅಂತ ಬರೆಸಿದ್ದೀರಿ?

ಪ್ರಶ್ನೆ ಕೇಳಿದವರು: ಬೈಕಿನವರೇ ಜೊತೆಗೆ ಬಂದಿದ್ರು ಸರ್. "ಸೈಕಲ್‌ನಿಂದ ಬಿದ್ದರು" ಅಂತ ಬರೆಸಿಬಿಟ್ಟಿದ್ದಾರೆ.

ವಕೀಲರು: ನಾನು ಅಂದುಕೊಂಡಿದ್ದೇ ಆಯ್ತು. ಇನ್ಶೂರೆನ್ಸ್ ಕಂಪನಿ ವಕೀಲರು ಮೊದಲು ಎತ್ತಿ ತೋರಿಸೋದು ಆ ಹಾಳೆಯನ್ನೇ. ಗುದ್ದದ ಗಾಡಿಯನ್ನು ಸೇರಿಸಿ ಸುಳ್ಳು ಕ್ಲೇಮ್ ಹಾಕೋರೂ ಇರೋದರಿಂದ ಕೋರ್ಟ್ ಇಂಥದ್ದನ್ನು ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ನೋಡುತ್ತೆ.

ನಾಳೆಯೇ ಅಪಘಾತ ಆದ ಜಾಗದ ಠಾಣೆಗೆ ಹೋಗಿ ದೂರು ಕೊಡಿ. ಆಪರೇಷನ್, ರಾಜಿ ಮಾತು, 20,000, ಆಸ್ಪತ್ರೆಯಲ್ಲಿ ಯಾರು ಏನು ಬರೆಸಿದರು, ಎಲ್ಲವನ್ನೂ ಇದ್ದ ಹಾಗೇ ಬರೆಯಿರಿ. ದೂರು ತಡವಾಯ್ತು ಅನ್ನೋ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕಬಾರದು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ದುಡ್ಡು ಫೋನ್‌ಪೇಯಲ್ಲಿ ಬಂದಿದ್ದರೆ ಆ ಸ್ಕ್ರೀನ್‌ಶಾಟ್ ಜೋಪಾನ. ಕಣ್ಣಾರೆ ಕಂಡವರಿದ್ದರೆ ಹೆಸರು ಕೊಡಿ. "ಪೂರ್ತಿ ಸೆಟಲ್ ಆಯ್ತು" ಅನ್ನೋ ಕಾಗದಕ್ಕೆ ಮಾತ್ರ ಸಹಿ ಹಾಕಬೇಡಿ.

ಆಮೇಲೆ ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಕೆಳಗೆ ಮಂಡ್ಯದಲ್ಲೇ ಅರ್ಜಿ ಹಾಕಬಹುದು. 2022ರ ಏಪ್ರಿಲ್‌ನಿಂದ ಕಾಯ್ದೆಯಲ್ಲಿ ಇದಕ್ಕೆ ಅಪಘಾತ ಆದ ದಿನದಿಂದ 6 ತಿಂಗಳ ಗಡುವು ಇದೆ. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಿದ್ದಾರೆ, ನೀವು ಆ ಕೇಸನ್ನು ನಂಬಿ ಕೂರಬೇಡಿ.

ಇನ್ನೊಬ್ಬ ಸದಸ್ಯರು: ಸೊಪ್ಪು ಮಾರೋರಿಗೆ ಸಂಬಳದ ಚೀಟಿ ಎಲ್ಲಿ ಬರಬೇಕು ಸರ್?

ವಕೀಲರು: ಬೇಕಿಲ್ಲ. ದಾಖಲೆ ಇಲ್ಲದವರ ಆದಾಯವನ್ನು ಕೋರ್ಟೇ ಅಂದಾಜು ಮಾಡುತ್ತೆ. ನಮ್ಮ ರಾಜ್ಯದಲ್ಲಿ ಅದಕ್ಕೆ ಕಾನೂನು ಸೇವಾ ಪ್ರಾಧಿಕಾರದ ಅಂದಾಜು ಆದಾಯದ ಪಟ್ಟಿ ಇದೆ, ಅಪಘಾತ ಆದ ವರ್ಷ ನೋಡಿ ಅದರಂತೆ ಹಿಡಿಯುತ್ತಾರೆ. ಡಾಕ್ಟರು ಕಾಲಿಗೆ ಇಷ್ಟು ಪರ್ಸೆಂಟ್ ಊನ ಅಂತ ಬರೆದುಕೊಟ್ಟರೂ ಲೆಕ್ಕ ಅಲ್ಲಿಗೇ ನಿಲ್ಲಲ್ಲ. ಆ ಊನದಿಂದ ದುಡಿಮೆ ಎಷ್ಟು ಹೋಯ್ತು ಅನ್ನೋದೇ ಮುಖ್ಯ. ಕುರ್ಚಿ ಮೇಲೆ ಕೂತು ಕೆಲಸ ಮಾಡೋರಿಗೂ ದಿನವಿಡೀ ಪೆಡಲ್ ತುಳಿಯೋರಿಗೂ ಅದು ಒಂದೇ ಆಗಲ್ಲ. ಹಾಗಾಗಿ ಅಪ್ಪ ಮೊದಲು ಎಲ್ಲೆಲ್ಲಿ ಸುತ್ತುತ್ತಿದ್ದರು, ಸೊಪ್ಪು ಯಾರ ಹತ್ತಿರ ತರುತ್ತಿದ್ದರು ಅಂತ ಹೇಳುವ ಒಬ್ಬ ಸಾಕ್ಷಿ ಹುಡುಕಿಟ್ಟುಕೊಳ್ಳಿ. ಔಷಧಿ, ಆಟೋ ಬಿಲ್ಲುಗಳನ್ನು ಈಗಲೇ ಜೆರಾಕ್ಸ್ ಮಾಡಿಸಿ, ಥರ್ಮಲ್ ಕಾಗದದ ಅಕ್ಷರ ಬೇಗ ಮಾಸಿಹೋಗುತ್ತೆ.