ಒಂದೇ ಕ್ಯಾನ್ಸರ್ ಸ್ಲೈಡ್, ಒಂದು ಲೆಕ್ಕದಲ್ಲಿ ಲೋ ಗ್ರೇಡ್, ಇನ್ನೊಂದರಲ್ಲಿ ಹೈ. ಯಾವುದನ್ನು ಬರೆಯಲಿ?

ಪಿಜಿ ವಿದ್ಯಾರ್ಥಿನಿ, ಹಾಸನ:
ಪರೋಟಿಡ್ (ಕಿವಿಯ ಮುಂದಿನ ಜೊಲ್ಲು ಗ್ರಂಥಿ) ಗಡ್ಡೆಯ ಕೇಸು. ಮ್ಯೂಕೋಎಪಿಡರ್ಮಾಯ್ಡ್ ಕಾರ್ಸಿನೋಮ ಅನ್ನುವ ಕ್ಯಾನ್ಸರ್ ಅನ್ನುವುದರಲ್ಲಿ ಅನುಮಾನ ಇಲ್ಲ, ಮ್ಯೂಸಿಕಾರ್ಮೈನ್ ಬಣ್ಣ ಹಾಕಿದಾಗ ಲೋಳೆ ಕೋಶಗಳು ಕೆಂಪಗೆ ಎದ್ದು ಕಾಣುತ್ತಿವೆ. ತಲೆಬಿಸಿ ಗ್ರೇಡಿಂಗ್‌ದು, ಅಂದರೆ ಗಡ್ಡೆ ಎಷ್ಟು ಉಗ್ರ ಅನ್ನುವುದರದ್ದು. ಸಿಸ್ಟ್ (ದ್ರವ ತುಂಬಿದ ಚೀಲ) ಭಾಗ ಶೇ. 15ರಷ್ಟು, ಒಂದು ಕಡೆ ನರದ ಪಕ್ಕ ಗಡ್ಡೆ ಇದೆ. ನೆಕ್ರೋಸಿಸ್ (ಸತ್ತ ಅಂಗಾಂಶ) ಇಲ್ಲ, ಮೈಟೋಸಿಸ್ (ಒಡೆಯುತ್ತಿರುವ ಕೋಶ) ಕಡಿಮೆ, ನ್ಯೂಕ್ಲಿಯಸ್‌ಗಳಲ್ಲೂ ಅಂಥ ವಿಕಾರ ಇಲ್ಲ. ಎಎಫ್‌ಐಪಿ ಅನ್ನುವ ಅಂಕ ಪದ್ಧತಿ ಪ್ರಕಾರ ಸಿಸ್ಟ್ ಕಡಿಮೆ ಇರುವುದಕ್ಕೆ 2, ನರಕ್ಕೆ 2, ಒಟ್ಟು 4, ಅಂದರೆ ಲೋ. ಬ್ರಾಂಡ್‌ವೈನ್ ಅನ್ನುವ ಇನ್ನೊಂದು ಪದ್ಧತಿ ಪ್ರಕಾರ ಅದೇ ಎರಡಕ್ಕೆ 2 ಮತ್ತು 3 ಸೇರಿ 5, ಅಂದರೆ ಹೈ! ಸರ್ಜನ್ ರಿಪೋರ್ಟ್ ಯಾವಾಗ ಅಂತ ಕೇಳುತ್ತಲೇ ಇದ್ದಾರೆ. ಸುಮ್ನೆ ಇಂಟರ್‌ಮೀಡಿಯೆಟ್ ಅಂತ ಬರೆದುಬಿಡಲಾ?

ಲ್ಯಾಬ್ ಪೆಥಾಲಜಿಸ್ಟ್, ಚಿಕ್ಕಮಗಳೂರು:
ದಯವಿಟ್ಟು ಬೇಡ. ಎರಡು ಲೆಕ್ಕದಲ್ಲೂ ಬಾರದ ಗ್ರೇಡ್ ಬರೆದರೆ ಅದು ರಾಜಿ ಪಂಚಾಯ್ತಿ ಆಗುತ್ತದೆ, ರಿಪೋರ್ಟ್ ಅಲ್ಲ. 2001ರ ಬ್ರಾಂಡ್‌ವೈನ್ ಪದ್ಧತಿ ಇರುವುದೇ ಹಾಗೆ, 4 ಅಂಕ ಬಂದರೆ ಹೈ. ಎಎಫ್‌ಐಪಿಯಲ್ಲಿ 7 ಬೇಕು. ನಿಮ್ಮ ಕೇಸು ನಿಂತಿರುವುದು ಆ ಒಂದು ನರದ ಮೇಲೆ, ಮತ್ತು ನೀವು ಬರೆದಿರುವುದು 'ನರದ ಪಕ್ಕ' ಅಂತ. ಪರೋಟಿಡ್ ಒಳಗೇ ಫೇಶಿಯಲ್ ನರ ಹಾದುಹೋಗುತ್ತದೆ, ಗಡ್ಡೆಯ ಪಕ್ಕದಲ್ಲಿ ನರ ಕಂಡರೆ ಆಶ್ಚರ್ಯ ಏನೂ ಇಲ್ಲ ಅಲ್ವಾ? ಕೋಶಗಳು ನರದ ಪೊರೆಯೊಳಗೆ ಹೊಕ್ಕಿರಬೇಕು, ಇಲ್ಲವೇ ಸುತ್ತಳತೆಯ ಮೂರನೇ ಒಂದು ಭಾಗವನ್ನಾದರೂ ತಬ್ಬಿರಬೇಕು. ಡೀಪರ್ ಕಟ್ (ಬ್ಲಾಕಿನ ಇನ್ನೂ ಒಳಗಿನ ಪದರ) ಹಾಕಿಸಿ, ನರವನ್ನು ಎತ್ತಿ ತೋರಿಸುವ ಎಸ್-100 ಮಾಡಿಸಿ. ಸಿಸ್ಟ್ ಭಾಗವನ್ನೂ ಒಂದೇ ಸ್ಲೈಡ್ ನೋಡಿ ಹೇಳಬೇಡಿ, ಎಲ್ಲ ಬ್ಲಾಕ್ (ಮೇಣದಲ್ಲಿ ಕೂರಿಸಿದ ಗಡ್ಡೆಯ ತುಂಡು) ಸೇರಿಸಿ ಅಂದಾಜು ಮಾಡಿ.

ನಿವೃತ್ತ ಪೆಥಾಲಜಿಸ್ಟ್, ಹಾಸನ:
ಮೈಟೋಸಿಸ್ ಕಡಿಮೆ ಅಂದರೆ ಎಷ್ಟಮ್ಮ? ಎಣಿಸು. ಮೈಕ್ರೋಸ್ಕೋಪಿನ ಹತ್ತು ಫೀಲ್ಡಿನಲ್ಲಿ (ಒಮ್ಮೆಗೆ ಕಾಣುವ ವೃತ್ತ) 4 ಸಿಕ್ಕರೆ ಎಎಫ್‌ಐಪಿಯಲ್ಲೂ ಇನ್ನು 3 ಸೇರಿ 7, ನೇರ ಹೈ. ಅದಕ್ಕೂ ಮೊದಲು ಐಪೀಸ್ (ಕಣ್ಣಿಡುವ ಮಸೂರ) ಮೇಲಿನ ಫೀಲ್ಡ್ ನಂಬರ್ ನೋಡು. 18 ಇದ್ದರೆ 40ಎಕ್ಸ್‌ನಲ್ಲಿ ಫೀಲ್ಡಿನ ಅಗಲ 0.45 ಮಿ.ಮೀ., 22 ಇದ್ದರೆ 0.55. ಹತ್ತು ಫೀಲ್ಡಿಗೆ ಒಂದರಲ್ಲಿ ಸುಮಾರು 1.6 ಚದರ ಮಿ.ಮೀ., ಇನ್ನೊಂದರಲ್ಲಿ 2.4. ಇಷ್ಟು ವ್ಯತ್ಯಾಸ ಇರುವಾಗ ಬರೀ 'ಹತ್ತು ಫೀಲ್ಡ್' ಅಂದರೆ ಏನು ಅರ್ಥ? ಇನ್ನೊಂದು, ಮೂಡಿಗೆರೆ, ಸಕಲೇಶಪುರ ಕಡೆಯಿಂದ ಚಿಕ್ಕ ಡಬ್ಬಿಗೆ ತುರುಕಿ, ಮುಳುಗುವಷ್ಟೂ ಫಾರ್ಮಲಿನ್ ಹಾಕದೆ ಕಳಿಸಿದ ಗಡ್ಡೆಯಾಗಿದ್ದರೆ ಕುಗ್ಗಿ ಕಪ್ಪಾದ ನ್ಯೂಕ್ಲಿಯಸ್ ಎಲ್ಲವೂ ಮೈಟೋಸಿಸ್ ಥರ ಕಾಣುತ್ತವೆ. ಅವನ್ನು ಬಿಟ್ಟುಬಿಡು. ಎಫ್‌ಎನ್‌ಎಸಿ (ಸಣ್ಣ ಸೂಜಿಯಿಂದ ಕೋಶ ತೆಗೆಯುವ ಪರೀಕ್ಷೆ) ಆದ ಮೇಲೆ ಸೂಜಿ ಹೋದ ಜಾಗದಲ್ಲೂ ನೆಕ್ರೋಸಿಸ್ ಬರಬಹುದು, ಅದಕ್ಕೆ ಅಂಕ ಕೊಡಬೇಡ.

ಪಿಜಿ ವಿದ್ಯಾರ್ಥಿನಿ:
ಥ್ಯಾಂಕ್ಸ್ ಸಾರ್, ಥ್ಯಾಂಕ್ಸ್ ಮೇಡಂ. ಎಸ್-100 ಬಂತು. ಕಂದು ಬಣ್ಣದ ನರ, ಅದರ ಅರ್ಧಕ್ಕಿಂತ ಜಾಸ್ತಿ ಸುತ್ತಳತೆಯನ್ನು ಗಡ್ಡೆ ಕೋಶಗಳು ಸುತ್ತಿಕೊಂಡಿವೆ. ಮೈಟೋಸಿಸ್ 2, ಐಪೀಸ್ 22. ಎಲ್ಲ ಬ್ಲಾಕ್ ಸೇರಿಸಿದರೂ ಸಿಸ್ಟ್ ಶೇ. 20 ದಾಟುವುದಿಲ್ಲ.

ಲ್ಯಾಬ್ ಪೆಥಾಲಜಿಸ್ಟ್, ಚಿಕ್ಕಮಗಳೂರು:
ಹಾಗಾದರೆ ನರದ್ದು ನಿಜ. ಎರಡನ್ನೂ ಪದ್ಧತಿಯ ಹೆಸರು, ಅಂಕದ ಸಮೇತ ಬರೆಯಿರಿ: ಎಎಫ್‌ಐಪಿ 4, ಲೋ, ಬ್ರಾಂಡ್‌ವೈನ್ 5, ಹೈ. ಕೆಳಗೆ ನರದ ವಿಷಯ, ಮಾರ್ಜಿನ್ (ಕತ್ತರಿಸಿದ ಅಂಚು) ಎಷ್ಟು ಮಿ.ಮೀ. ದೂರ ಅನ್ನುವುದನ್ನು ಬೇರೆ ಸಾಲಿನಲ್ಲಿ ಹಾಕಿ. ಆಮೇಲೆ ಸರ್ಜನ್‌ಗೆ ನೀವೇ ಫೋನ್ ಮಾಡಿ. ರೇಡಿಯೇಷನ್ ಬೇಕಾ ಅಂತ ತೀರ್ಮಾನಿಸುವಾಗ ಅವರು ಮೊದಲು ಕೇಳುವುದೇ ನರ, ಮಾರ್ಜಿನ್ ಎರಡನ್ನು.