ಇನ್‌ವರ್ಟೆಡ್ ವಿ ಕಟ್ಟಿದರೆ 10 ಮೀಟರಿನ ಫೈಬರ್‌ಗ್ಲಾಸ್ ಮಾಸ್ಟ್ ಕುಸಿಯುತ್ತಿದೆ, ಏನು ಮಾಡಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹ್ಯಾಮ್ ರೇಡಿಯೋಗಾಗಿ 10 ಮೀಟರಿನ ಟೆಲಿಸ್ಕೋಪಿಕ್ (ತುಂಡುಗಳು ಒಂದರೊಳಗೊಂದು ಸೇರುವ) ಫೈಬರ್‌ಗ್ಲಾಸ್ ಮಾಸ್ಟ್‌ನ, ಅಂದರೆ ಕಂಬದ, ತುತ್ತತುದಿಗೆ 40 ಮೀಟರ್ ಬ್ಯಾಂಡಿನ (7 ಮೆಗಾಹರ್ಟ್ಸ್ ಸುತ್ತಿನ) ಇನ್‌ವರ್ಟೆಡ್ ವಿ ಡೈಪೋಲ್ ಕಟ್ಟಿದ್ದೇನೆ, ಅಂದರೆ ನಡುವೆ ಎತ್ತರಿಸಿ ಎರಡೂ ಕಡೆ ಇಳಿಬಿಟ್ಟ ತಂತಿ ಆಂಟೆನಾ. ರೇಡಿಯೋದಿಂದ ಆಂಟೆನಾಗೆ ಹೋಗುವ ಕೇಬಲ್ ಆರ್‌ಜಿ-58. ಗಾಳಿ ಬೀಸಿದರೆ ತುದಿ ಬಿಲ್ಲಿನಂತೆ ಬಾಗುತ್ತದೆ, ಸ್ವಲ್ಪ ಹೊತ್ತಿಗೆಲ್ಲ ಮೇಲಿನ ತುಂಡುಗಳು ಒಂದೊಂದಾಗಿ ಒಳಗಿಳಿಯುತ್ತವೆ. ಹಗ್ಗ ಎಷ್ಟು ಬಿಗಿದರೂ ಅಷ್ಟೇ. ಜೊತೆಗೆ, 7.1 ಮೆಗಾಹರ್ಟ್ಸ್‌ಗೆ ಹೊಂದಿಸಿದ್ದ ತಂತಿ ಗುಡ್ಡದ ಮೇಲೆ 6.95ರಲ್ಲಿ ಡಿಪ್ (ಎಸ್‌ಡಬ್ಲ್ಯೂಆರ್, ಅಂದರೆ ಆಂಟೆನಾದಿಂದ ಹಿಂತಿರುಗುವ ಶಕ್ತಿಯ ಅಳತೆ, ಅತಿ ಕಡಿಮೆಯಾಗುವ ಜಾಗ) ತೋರಿಸುತ್ತಿದೆ. ತಂತಿ ಕತ್ತರಿಸಲೇ? ಅಲ್ಲಿ ಬರೀ ಬಂಡೆ, ಗೂಟವೂ ಇಳಿಯುವುದಿಲ್ಲ.

ಉತ್ತರ 1

ಬಿಗಿಯುವುದೇ ಇಲ್ಲಿನ ತೊಂದರೆ ಸರ್. ಇಳಿಜಾರಾಗಿ ಎಳೆದ ಹಗ್ಗ ಮಾಸ್ಟನ್ನು ಪಕ್ಕಕ್ಕೆ ಹಿಡಿಯುವುದರ ಜೊತೆಗೆ ಕೆಳಕ್ಕೂ ಒತ್ತುತ್ತದೆ. ತುಂಡುಗಳು ನಿಂತಿರುವುದು ಕೀಲಿನ ಘರ್ಷಣೆಯ ಬಲದಿಂದ ಮಾತ್ರ. ಮೇಲೆ ಡೈಪೋಲ್ ತಂತಿಗಳ ಎಳೆತ, ಅದರ ಮೇಲೆ ಕೇಬಲ್ ಭಾರ: ಆರ್‌ಜಿ-58 ಮೀಟರಿಗೆ ಸುಮಾರು 37 ಗ್ರಾಂ, ಅಂದರೆ 8 ಮೀಟರಿಗೆ 300 ಗ್ರಾಂ. ಗಾಳಿಗೆ ಅಲುಗಾಡಿದಾಗ ಕೀಲು ಸಡಿಲವಾಗುತ್ತದೆ, ಆ ಭಾರ ತುಂಡನ್ನು ಒಳಗೆ ತಳ್ಳುತ್ತದೆ.

ಮೊದಲು ಮೇಲಿನ ಎರಡು ಸಣ್ಣ ತುಂಡುಗಳನ್ನು ಬುಡದ ಮುಚ್ಚಳ ಬಿಚ್ಚಿ ತೆಗೆದಿಡಿ, ಅವು ಭಾರ ಹೊರುವಂಥವಲ್ಲ. ಫೀಡ್ ಪಾಯಿಂಟ್ (ಕೇಬಲ್ ಆಂಟೆನಾಗೆ ಸೇರುವ ಜಾಗ) 8 ಮೀಟರ್ ಎತ್ತರಕ್ಕೆ ಬರಲಿ. ಕೀಲುಗಳನ್ನು ಒಣಬಟ್ಟೆಯಿಂದ ಒರೆಸಿ, ಪ್ರತಿ ತುಂಡನ್ನೂ ತಿರುಚುತ್ತಾ ಎಳೆಯಿರಿ. ದೂಳಿದ್ದರೆ ಹಿಡಿತ ಬರುವುದಿಲ್ಲ. ಮೇಲಿನ ಎರಡು ಮೂರು ಕೀಲುಗಳಿಗೆ ಹೋಸ್ ಕ್ಲಿಪ್ ಹಾಕಿ. ಅದನ್ನು ಮೇಲಿನ ತುಂಡಿಗೆ, ಕೀಲಿನ ಅಂಚಿಗೆ ತಾಗಿಕೊಂಡಂತೆ, ಅಡಿಯಲ್ಲಿ ಹಳೆಯ ಟ್ಯೂಬಿನ ರಬ್ಬರ್ ಪಟ್ಟಿ ಕೊಟ್ಟು ಹಾಕಬೇಕು. ಸ್ಕ್ರೂ ಜಾಸ್ತಿ ತಿರುಗಿಸಿದರೆ ಫೈಬರ್ ಬಿರುಕು ಬಿಡುತ್ತದೆ, ಕ್ಲಿಪ್ ಜಾರದಿದ್ದರೆ ಸಾಕು.

ಗೈ ಹಗ್ಗಕ್ಕೆ (ಮಾಸ್ಟನ್ನು ನೇರ ಹಿಡಿಯುವ ಹಗ್ಗ) ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಬೋರ್ಡಿನಿಂದ ಒಂದು ಬಿಲ್ಲೆ ಕತ್ತರಿಸಿಕೊಳ್ಳಿ. ನಡುವಿನ ತೂತು ಮೇಲಿನ ತುಂಡು ತೂರುವಷ್ಟು ದೊಡ್ಡದಿರಬೇಕು, ಕೆಳಗಿನದರ ಅಂಚಿನ ಮೇಲೆ ಬಿಲ್ಲೆ ಕೂರಬೇಕು. ಸುಮಾರು 5 ಮೀಟರ್ ಎತ್ತರದ ಕೀಲಿನಲ್ಲಿ ಕೂರಿಸಿ, 120 ಡಿಗ್ರಿ ಅಂತರದಲ್ಲಿ ಮೂರು ಹಗ್ಗ, ಗೂಟ ಬುಡದಿಂದ 3.5 ಮೀಟರ್ ದೂರ. ಗಂಟಿಗೂ ಸೇರಿ ಹಗ್ಗ ತಲಾ 7 ಮೀಟರ್ ಬೇಕು. ಸೊಟ್ಟಗಿರದೆ ನೇರ ನಿಂತರೆ ಸಾಕು, ವೀಣೆಯ ತಂತಿಯ ಹಾಗೆ ಬಿಗಿಯಬೇಡಿ. ಕೇಬಲನ್ನು ಮೂರು ನಾಲ್ಕು ಕಡೆ ವೆಲ್‌ಕ್ರೋದಿಂದ ಮಾಸ್ಟ್‌ಗೆ ಕಟ್ಟಿದರೆ ಭಾರ ಹಂಚಿಹೋಗುತ್ತದೆ.

ಉತ್ತರ 2

ತಂತಿ ಕತ್ತರಿಸಬೇಡಿ! ತುದಿಗಳು ನೆಲಕ್ಕೆ ಹತ್ತಿರವಾದಾಗ ರೆಸೋನೆನ್ಸ್ (ಆಂಟೆನಾ ಹೊಂದಿಕೊಳ್ಳುವ ಫ್ರೀಕ್ವೆನ್ಸಿ) ಕೆಳಗಿಳಿಯುತ್ತದೆ. ಮೊದಲು ಜ್ಯಾಮಿತಿ ಸರಿಮಾಡಿ. ಫೀಡ್ ಪಾಯಿಂಟ್ 8 ಮೀಟರ್, ತುದಿಗಳು 2 ಮೀಟರ್ ಎತ್ತರದಲ್ಲಿದ್ದರೆ, ಪ್ರತಿ ಕಡೆಯ 10 ಮೀಟರಿನ ತಂತಿ ಮಾಸ್ಟ್‌ನ ಬುಡದಿಂದ 8 ಮೀಟರ್ ದೂರದಲ್ಲಿ ಮುಗಿಯುತ್ತದೆ. ಮೇಲಿನ ಕೋನ ಸುಮಾರು 106 ಡಿಗ್ರಿ. ಇದನ್ನು 90ಕ್ಕಿಂತ ಕಡಿಮೆ ಮಾಡಬೇಡಿ. ಅದೇ ಇಳಿಜಾರಿನಲ್ಲಿ ನೈಲಾನ್ ದಾರ ಮುಂದುವರಿಸಿದರೆ ಗೂಟ ಬರುವುದು 10.7 ಮೀಟರ್‌ಗೆ. ಎರಡೂ ಕಡೆ ಒಂದೇ ಅಳತೆ ಇರಲಿ, ಇಲ್ಲದಿದ್ದರೆ ಮಾಸ್ಟ್ ಒಂದು ಕಡೆಗೆ ಬಾಗುತ್ತದೆ.

ಇಷ್ಟಾದ ಮೇಲೂ ಡಿಪ್ 6.95ರಲ್ಲೇ ಇದ್ದರೆ ಉದ್ದ ಶೇಕಡಾ 2ರಷ್ಟು ಹೆಚ್ಚಿದೆ ಎಂದರ್ಥ. ಪ್ರತಿ ಕಡೆ 20 ಸೆಂಟಿಮೀಟರ್ ಹಿಂದಕ್ಕೆ ಮಡಚಿ ಅದೇ ತಂತಿಗೆ ಒತ್ತಾಗಿ ಸುತ್ತಿ. ಬೇರೆ ಜಾಗದಲ್ಲಿ ಬಿಚ್ಚಿಕೊಳ್ಳಬಹುದು. ಕೇಬಲ್ ಮುಟ್ಟಿದಾಗ ಎಸ್‌ಡಬ್ಲ್ಯೂಆರ್ ಬದಲಾಗುತ್ತಿದ್ದರೆ ಅದು ಕಾಮನ್ ಮೋಡ್ ಕರೆಂಟ್, ಅಂದರೆ ಕೇಬಲಿನ ಹೊರಮೈಯಲ್ಲಿ ಹರಿಯುವ ಕರೆಂಟ್. ಅದನ್ನು ತಡೆಯಲು ಫೀಡ್ ಪಾಯಿಂಟಿನಲ್ಲಿ ಫೆರೈಟ್ ಚೋಕ್ ಬೇಕು.

ಉತ್ತರ 3

ಬಂಡೆಯ ಮೇಲೆ ಗೂಟದ ಆಸೆ ಬಿಡಿ. ಗಟ್ಟಿ ಬಟ್ಟೆಯ ಚೀಲ ಖಾಲಿ ಒಯ್ದು ಅಲ್ಲೇ ಕಲ್ಲು ತುಂಬಿ, ಒಂದೊಂದೂ 8-10 ಕಿಲೋ ಇರಲಿ. ದೊಡ್ಡ ಬಂಡೆಗೆ ಹಗ್ಗ ಸುತ್ತುವುದಾದರೆ ಚೂಪಾದ ಅಂಚಿಗೆ ಬಟ್ಟೆ ಕೊಡಿ. ಮಣ್ಣು ಸಿಕ್ಕ ಕಡೆ ಗೂಟದ ತಲೆ ಮಾಸ್ಟ್‌ಗೆ ಬೆನ್ನು ಮಾಡಿ ವಾಲಿರಬೇಕು.

ಮಾಸ್ಟ್‌ನ ಮೇಲೆ ಕೇಬಲ್ಲೇ ಬೇಡವೆಂದರೆ ಎಂಡ್-ಫೆಡ್ ಹಾಫ್‌ವೇವ್ (ಒಂದು ತುದಿಗೆ ಕೇಬಲ್ ಸೇರುವ ಅರ್ಧ ತರಂಗದ ಆಂಟೆನಾ) ನೋಡಿ. ಸುಮಾರು 20 ಮೀಟರ್ ತಂತಿ, ಅದನ್ನು ಕೇಬಲಿಗೆ ಹೊಂದಿಸುವ 49:1 ಟ್ರಾನ್ಸ್‌ಫಾರ್ಮರ್ ಕೆಳಗೇ ಇರುತ್ತದೆ, ಮೇಲೆ ತಂತಿಯ ಭಾರವಷ್ಟೇ.

ವಿದ್ಯುತ್ ತಂತಿ ಹತ್ತಿರವಿರುವ ಜಾಗ ಬೇಡವೇ ಬೇಡ. ಮಾಸ್ಟ್ ಯಾವ ಕಡೆ ಬಿದ್ದರೂ ಆಂಟೆನಾ ತಂತಿ ಅದನ್ನು ಮುಟ್ಟಬಾರದು. ಟ್ರಾನ್ಸ್‌ಮಿಟ್ ಮಾಡುವಾಗ ತಂತಿಯ ತುದಿಯಲ್ಲಿ ನೂರಾರು ವೋಲ್ಟ್ ಇರುತ್ತದೆ, ಜನ ಓಡಾಡುವ ಕಡೆ ತುದಿ 2.5 ಮೀಟರಿಗಿಂತ ಮೇಲಿರಲಿ. ದೂರದಲ್ಲಿ ಗುಡುಗು ಕೇಳಿಸಿದರೂ ಕೇಬಲ್ ಕಿತ್ತು ಮಾಸ್ಟ್ ಇಳಿಸಿ.